ಅಮ್ಮನ ಬೇನೆ, ತೊಟ್ಟಿಯ ನೀರು

ತಮಿಳುನಾಡಿನ ತೇನಿಯಿಂದ ಕಂಬಂ ಪಟ್ಟಣದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಮುಲ್ಲೈ ಪೆರಿಯಾರ್ ನದಿಯ ದಡದಲ್ಲಿ ವೀರಪಾಂಡಿ ಎಂಬ ಊರೊಂದು ಇದೆ. ಚಿತ್ತಿರೈ ಮಾಸದ ಕಡುಬೇಸಿಗೆಯಲ್ಲಿ ಅಲ್ಲಿ ನಡೆಯತಕ್ಕ ಗೌಮಾರಿಯಮ್ಮನ ಜಾತ್ರೆಗೆ ಕಣಿವೆಯ ಯಾವತ್ತೂ ಹಳ್ಳಿಗಳಿಂದ ಜನ ನೆರೆಯುತ್ತಾರೆ. ಹರಿಶಿನದ ಸೀರೆಯುಟ್ಟು, ಬೇವಿನ ಸೊಪ್ಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉರಿಯುವ ಕೆಂಡದ ಅಗ್ನಿಚಟ್ಟಿಯನ್ನು ಕೈಯಲ್ಲಿ ಹಿಡಿದು, ಹರಕೆ ಹೊತ್ತ ಹೆಂಗಸರು ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾರೆ. ದೃಷ್ಟಿಯನ್ನು ಕಳೆದುಕೊಂಡಿದ್ದ ಪಾಂಡ್ಯ ಅರಸನೊಬ್ಬನು ಈ ದೇವಿಯನ್ನು ಆರಾಧಿಸಿ ಮರಳಿ ಕಣ್ಣನ್ನು ಪಡೆದನೆಂಬುದು ಆ ಸ್ಥಳದ ಐತಿಹ್ಯ. ಮಾರಿಯಮ್ಮನಿಗೂ ಮೈಮೇಲೆ ಏಳುವ ಬೊಕ್ಕೆಗಳಿಗೂ ನಮ್ಮ ಜನ ಕಲ್ಪಿಸಿದ ಸಂಬಂಧವನ್ನೂ, ಮೈಲಿಬೇನೆಯು ಹಿಂದಿನ ಕಾಲದಲ್ಲಿ ಎಷ್ಟು ಮಂದಿಯ ಕಣ್ಣುಗಳನ್ನು ಕಸಿದುಕೊಂಡಿತೆಂಬುದನ್ನೂ ಬಲ್ಲವರಿಗೆ, ಆ ಐತಿಹ್ಯವು ಕೇವಲ ಪವಾಡದ ಕಥೆಯಾಗಿ ಕಾಣದೆ, ಶತಮಾನಗಳ ಭಯವೂ ಆಸೆಯೂ ಹೆಪ್ಪುಗಟ್ಟಿದ ದಾಖಲೆಯಾಗಿ ಕಾಣುತ್ತದೆ.

ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ ಮತ್ತು ವರುಸನಾಡಿನ ಗುಡ್ಡಗಳು, ನಡುವೆ 1895ರಲ್ಲಿ ಕಟ್ಟಿ ಮುಗಿಸಿದ ಪೆರಿಯಾರ್ ಅಣೆಕಟ್ಟೆಯಿಂದ ಇಳಿದುಬರುವ ನೀರು: ಇಂತಹ ಈ ಕಣಿವೆಯಲ್ಲಿ ಕನ್ನಡವು ಪರಕೀಯವಾದ ಭಾಷೆಯಲ್ಲ. ಕಂಬಂ, ಬೋಡಿನಾಯಕನೂರುಗಳ ಸುತ್ತಿನ ಕಪ್ಪಿಲಿಯರು, ಎಂದರೆ ಒಕ್ಕಲಿಗ ಗೌಡರು, ದಿಂಡಿಗಲ್ಲಿನ ಕಡೆಯ ಅನುಪ್ಪರು, ಮಗ್ಗವನ್ನು ನಂಬಿದ ದೇವಾಂಗರು, ಇವರೆಲ್ಲರ ಮನೆಯೊಳಗಿನ ಮಾತು ತಲೆಮಾರುಗಳಿಂದ ಕನ್ನಡವೇ ಆಗಿ ಉಳಿದುಬಂದಿದೆ. ಬೀದಿಗೆ ಬಂದರೆ ತಮಿಳು, ಒಲೆಯ ಮುಂದೆ ಕುಳಿತರೆ ಕನ್ನಡ. ಕಂಬಂ ಪಟ್ಟಣದಲ್ಲಿ ಈ ಒಕ್ಕಲಿಗರು ನಂದಗೋಪಾಲಸ್ವಾಮಿಯ ಹೆಸರಿನಲ್ಲಿ ಸಾಕಿಕೊಂಡು ಬಂದಿರುವ ತಂಬಿರಾನ್ ಹಸುಗಳ ದೊಡ್ಡಿಯೊಂದುಂಟು. ಅಲ್ಲಿ ಪೂಜೆ ಸಲ್ಲುವುದು ಜೀವಂತವಾದ ಹಿಂಡಿಗೆ. ಸಂಕ್ರಾಂತಿಯ ಹೊತ್ತಿಗೆ ಜನ ಬಂದು ಹಸುಗಳ ಮುಂದೆ ಕೈಮುಗಿಯುತ್ತಾರೆ, ಕರುಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ವೈರಾಣುಗಳ ವಿಚಾರದಲ್ಲಿ ಈ ದೊಡ್ಡಿಯನ್ನು ನೆನೆಯುವುದಕ್ಕೆ ಕಾರಣವುಂಟು. ಹಿಂಡುಗಳನ್ನು ಹಿಂಡುಗಳಾಗಿಯೇ ಬರಿದು ಮಾಡುತ್ತಿದ್ದ ದೊಡ್ಡರೋಗದ ವೈರಾಣುವೂ ನಮ್ಮ ಮಕ್ಕಳನ್ನು ಕಾಡುವ ದಡಾರದ ವೈರಾಣುವೂ ಅತ್ಯಂತ ಸಮೀಪದ ದಾಯಾದಿಗಳು. ಮನುಷ್ಯನು ದನಗಳೊಡನೆ ಒಂದೇ ಸೂರಿನಡಿ ಬಾಳತೊಡಗಿದ ಯಾವುದೋ ಪುರಾತನ ಕಾಲದಲ್ಲಿ ಒಂದೇ ಮೂಲದಿಂದ ಕವಲೊಡೆದವು. ದನಗಳ ರೋಗವು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಮಕ್ಕಳ ರೋಗ ಇನ್ನೂ ಉಳಿದಿದೆ.

ಮನುಷ್ಯನಿಗೆ ಮೊದಲ ಲಸಿಕೆ ಬಂದದ್ದೂ ಗೋವಿನ ಕಡೆಯಿಂದಲೇ. ಎಡ್ವರ್ಡ್ ಜೆನ್ನರನು ಮೈಲಿಯನ್ನು ತಡೆಯುವ ಗೋಸಿಡುಬಿನ ಗುಣವನ್ನು ಕಂಡುಕೊಂಡ ಕೆಲವೇ ವರ್ಷಗಳಲ್ಲಿ, ಅದರ ರಸವು ತೋಳಿನಿಂದ ತೋಳಿಗೆ ದಾಟುತ್ತ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಯನ್ನು ಸೇರಿತು. 1802ರ ಜೂನ್ 14ರಂದು ಅಲ್ಲಿನ ಮೂರು ವರ್ಷದ ಹುಡುಗಿಯೊಬ್ಬಳ ತೋಳಿನಲ್ಲಿ ಈ ದೇಶದ ಮೊದಲ ದೇವಿ, ಎಂದರೆ ಲಸಿಕೆಯ ಬೊಕ್ಕೆ, ಎದ್ದಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜರ ಅರಮನೆಯ ರಾಣಿಯರನ್ನು 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಪಟವೊಂದರಲ್ಲಿ ಕಿರಿಯ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಈ ದೇವಿಯ ಗುರುತನ್ನು ಪ್ರಜೆಗಳಿಗೆ ಕಾಣಿಸುವುದಕ್ಕಾಗಿಯೇ ಎಂದು ಇತಿಹಾಸಕಾರರು ವಾದಿಸಿದ್ದಾರೆ. 1755ರಲ್ಲಿ ಹೈದರಾಲಿಯು ಫೌಜದಾರನಾಗಿ ನೆಲಸಿದ್ದ ದಿಂಡಿಗಲ್ಲಿನ ಕೋಟೆಯು ಆ ವೇಳೆಗೆ ಮೈಸೂರಿನ ಕೈತಪ್ಪಿ ಮದರಾಸಿನ ಆಡಳಿತಕ್ಕೆ ಸೇರಿಹೋಗಿದ್ದಿತು. ಅಲ್ಲಿಗೆ ದೇವಿ ಹಾಕುವವರು ಬಂದದ್ದು ಮದರಾಸಿನ ದಾರಿಯಿಂದ. ಮುಂದೆ 1899ರಲ್ಲಿ ಗಿಂಡಿಯಲ್ಲಿ ಸ್ಥಾಪಿತವಾದ ಕಿಂಗ್ ಇನ್‌ಸ್ಟಿಟ್ಯೂಟ್ ಕರುಗಳ ಮೈಯಲ್ಲಿ ಬೆಳೆಸಿದ ಆ ರಸವನ್ನು ಪ್ರಾಂತ್ಯದ ಜಿಲ್ಲೆಗಳಿಗೆಲ್ಲ ಒದಗಿಸತೊಡಗಿತು.

ಆದರೆ ದೇವಿ ಹಾಕುವವರು ಬರುವುದಕ್ಕೆ ಬಹುಕಾಲ ಮುಂಚಿನಿಂದಲೂ ಮನೆಗಳಲ್ಲಿ ಒಂದು ಕಟ್ಟಳೆ ಇದ್ದಿತು. ಮನೆಗೆ ಅಮ್ಮ ಬಂದಳೆಂದು ತಿಳಿದೊಡನೆ ಬಾಗಿಲಿಗೆ ಬೇವಿನ ಗೊಂಚಲನ್ನು ಕಟ್ಟುತ್ತಿದ್ದರು. ಅದನ್ನು ಕಂಡ ಹೊರಗಿನವರು ಒಳಗೆ ಕಾಲಿಡುತ್ತಿರಲಿಲ್ಲ. ಮನೆಯವರು ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲ, ಒಗ್ಗರಣೆ ಹಾಕುತ್ತಿರಲಿಲ್ಲ, ಮಲಗಿದವರ ಬಟ್ಟೆಯನ್ನು ಅಗಸರಿಗೆ ಕೊಡುತ್ತಿರಲಿಲ್ಲ. ಬೇನೆ ಇಳಿದು, ಬೇವೂ ಹರಿಶಿನವೂ ಬೆರೆತ ನೀರನ್ನು ಎರೆದ ಮೇಲೆಯೇ ಆ ಕಟ್ಟು ಸಡಿಲುತ್ತಿದ್ದುದು. ಇದನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗದು. ಮೈಲಿಯ ರೋಗಿಯು ಬೇನೆಯನ್ನು ಹರಡುವುದು ಬಹುಮಟ್ಟಿಗೆ ಬೊಕ್ಕೆಗಳು ತೋರಿದ ಬಳಿಕವೇ. ಆದುದರಿಂದ ಬೊಕ್ಕೆ ಕಂಡೊಡನೆ ಬಾಗಿಲು ಕಟ್ಟುವ ವ್ರತವು ಆ ವೈರಾಣುವಿನ ಸ್ವಭಾವಕ್ಕೆ ತಕ್ಕದ್ದಾಗಿಯೇ ಇದ್ದಿತು. ಮದರಾಸಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳನ್ನು ಕಣ್ಣಾರೆ ಕಂಡು, ಅದರ ಫಲವನ್ನು 1972ರಲ್ಲಿ ಗ್ರಂಥವಾಗಿ ಹೊರತಂದ ಡಾ. ಎ. ರಾಮಚಂದ್ರ ರಾಯರಂತಹ ವೈದ್ಯರೂ, ಅನಂತರದ ನಿರ್ಮೂಲನ ಕಾರ್ಯಕರ್ತರೂ ಹಿಡಿದ ದಾರಿಯು ತತ್ತ್ವತಃ ಇದರ ವಿಸ್ತಾರವೇ ಆಗಿದ್ದಿತು: ರೋಗಿಯನ್ನು ಹುಡುಕುವುದು, ಬೇರ್ಪಡಿಸುವುದು, ಅವನ ಸುತ್ತಲಿನವರಿಗೆಲ್ಲ ದೇವಿ ಹಾಕಿ ಬೇಲಿ ಕಟ್ಟುವುದು. ತಾಗಿದ ಮೂವರಲ್ಲಿ ಸುಮಾರು ಒಬ್ಬರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ಬೇನೆಯ ಈ ನೆಲದ ಕಡೆಯ ಪ್ರಕರಣವು 1975ರ ಮೇ ತಿಂಗಳಿನಲ್ಲಿ ಅಸ್ಸಾಮಿನಲ್ಲಿ ಕಂಡುಬಂದಿತು. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು.

ಮೈಲಿ ಹೋಯಿತು, ವ್ರತ ಉಳಿಯಿತು. ಇಂದು ಈ ಕಣಿವೆಯ ಮನೆಯೊಂದರ ಬಾಗಿಲಲ್ಲಿ ಬೇವಿನ ಗೊಂಚಲು ತೂಗುತ್ತಿದ್ದರೆ ಒಳಗಿರುವುದು ಸೀತಾಳೆ ಸಿಡುಬಾಗಿರಬಹುದು, ದಡಾರವಾಗಿರಬಹುದು. ಮನೆಯ ಹಿರಿಯರ ಪಾಲಿಗೆ ಎರಡೂ ಅಮ್ಮನೇ. ವೈದ್ಯನ ಕಣ್ಣಿಗೆ ಹಾಗಲ್ಲ. ಸೀತಾಳೆಯ ಬೊಕ್ಕೆಗಳು ಎದೆಬೆನ್ನುಗಳ ಮೇಲೆ ದಟ್ಟವಾಗಿಯೂ ಕೈಕಾಲುಗಳ ಮೇಲೆ ವಿರಳವಾಗಿಯೂ ಇದ್ದು, ಒಂದು ಕಡೆ ಒಣಗುತ್ತಿರುವಾಗಲೇ ಇನ್ನೊಂದು ಕಡೆ ಹೊಸದಾಗಿ ನೀರುಗುಳ್ಳೆಗಳಾಗಿ ಏಳುತ್ತವೆ. ಬೇನೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಆದರೆ ವೈರಾಣು ಮಾತ್ರ ನರಗಳ ಬುಡದಲ್ಲಿ ಅಡಗಿ ಕುಳಿತು ದಶಕಗಳ ಮೇಲೆ ಸರ್ಪಸುತ್ತಾಗಿ ಹೊರಬೀಳುವುದುಂಟು. ದಡಾರದ ಬಗೆಯೇ ಬೇರೆ. ಮೊದಲು ತೀವ್ರವಾದ ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪೇರಿದ ಕಣ್ಣು. ಬಾಯಿ ತೆರೆಸಿ ಕೆನ್ನೆಯ ಒಳಮೈಯನ್ನು ನೋಡಿದರೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳು. ಮೂರು ನಾಲ್ಕು ದಿನಗಳ ಮೇಲೆ ಕಿವಿಯ ಹಿಂದಿನಿಂದ ಹೊರಟು ಮುಖ, ಎದೆ, ಕಾಲುಗಳಿಗೆ ಇಳಿಯುವ ಕೆಂಪು ದದ್ದು.

ಹಳೆಯ ವ್ರತವು ದಡಾರದ ಮುಂದೆ ಸೋಲುವುದು ಇಲ್ಲಿಯೇ. ದದ್ದು ಕಾಣಿಸಿಕೊಳ್ಳುವುದಕ್ಕೆ ನಾಲ್ಕು ದಿನ ಮುಂಚಿನಿಂದಲೇ ಮಗುವಿನ ಉಸಿರಿನಲ್ಲಿ ವೈರಾಣು ಹೊರಬೀಳುತ್ತಿರುತ್ತದೆ. ಆ ಮಗು ಎದ್ದುಹೋದ ಕೋಣೆಯ ಗಾಳಿಯಲ್ಲಿಯೂ ಅದು ಎರಡು ಗಂಟೆಗಳವರೆಗೆ ಬದುಕಿರಬಲ್ಲದು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಅದು ಹಬ್ಬುತ್ತದೆಂದು ಲೆಕ್ಕ ಹಾಕಿದ್ದಾರೆ. ಬೇವಿನ ಗೊಂಚಲು ಬಾಗಿಲಿಗೆ ಏರುವ ಹೊತ್ತಿಗೆ ಅಂಗನವಾಡಿಯ ಮಕ್ಕಳಿಗೆಲ್ಲ ಸೋಂಕು ಮುಟ್ಟಿ ಆಗಿರುತ್ತದೆ. ಹಾಗೆಯೇ, ಅಮ್ಮ ಬಂದಾಗ ಆಸ್ಪತ್ರೆಗೆ ಒಯ್ಯಬಾರದು, ಪಥ್ಯದ ಗಂಜಿಯ ಹೊರತು ಏನನ್ನೂ ಕೊಡಬಾರದು ಎಂಬ ನಿಯಮವು ದಡಾರದ ಮಗುವಿಗೆ ನೇರವಾಗಿ ಹಾನಿಕರ. ದಡಾರವು ಮೈಯಲ್ಲಿರುವ ಎ ಜೀವಸತ್ತ್ವವನ್ನು ಬರಿದು ಮಾಡುತ್ತದೆ. ಮೊದಲೇ ಬಡಕಲಾದ ಮಗುವಿನ ಕಣ್ಣಿನ ಕರಿಗುಡ್ಡೆಯ ಮೇಲಣ ಪಾರದರ್ಶಕ ಪೊರೆ ಒಣಗಿ, ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಕರಗಿಹೋಗುವುದುಂಟು. ಇದಕ್ಕೆ ಪರಿಹಾರವು ಅಗ್ಗವಾದದ್ದು: ವರ್ಷ ತುಂಬಿದ ಮಗುವಿಗೆ ಎರಡು ಲಕ್ಷ ಯೂನಿಟ್ಟುಗಳ ಎ ಜೀವಸತ್ತ್ವದ ದ್ರವವನ್ನು ಒಂದು ದಿನ, ಮರುದಿನ ಮತ್ತೊಮ್ಮೆ, ಎರಡು ಬಾರಿ ಬಾಯಿಗೆ ಹಾಕುವುದು.

ಮಧುರೆಯಲ್ಲಿ 1976ರಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದ ಡಾ. ಜಿ. ವೆಂಕಟಸ್ವಾಮಿಯವರು, ಅದಕ್ಕೆ ಮುಂಚೆಯೇ ಇಂತಹ ಮಕ್ಕಳನ್ನೂ ಅವರ ತಾಯಂದಿರನ್ನೂ ಒಟ್ಟಿಗೆ ಇರಿಸಿಕೊಂಡು, ಸೊಪ್ಪು ಸದೆ ಬೇಯಿಸಿ ಉಣಿಸುವುದನ್ನು ಕಲಿಸುವ ಪೋಷಣ ಕೇಂದ್ರವನ್ನು ನಡೆಸಿದ್ದರೆಂಬುದನ್ನು ಗೌರವದಿಂದ ನೆನೆಯಬೇಕು. ಅದೇ ಆಸ್ಪತ್ರೆಯ ವೈದ್ಯರು ಮುಂದೆ ಹುಟ್ಟುಪೊರೆಯಿಂದ ಕುರುಡಾದ ಕೂಸುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹಲವಕ್ಕೆ ಕಾರಣ ತಾಯಿ ಬಸುರಿಯಾಗಿದ್ದಾಗ ತಗುಲಿದ ರುಬೆಲ್ಲಾ ಎಂಬುದನ್ನು ತೋರಿಸಿಕೊಟ್ಟರು. ರುಬೆಲ್ಲಾ ತಾಯಿಗೆ ಮೂರು ದಿನದ ದದ್ದು, ತುಸು ಜ್ವರ. ಗರ್ಭದಲ್ಲಿರುವ ಕೂಸಿಗೆ ಕಣ್ಣು, ಕಿವಿ, ಹೃದಯಗಳ ನಷ್ಟ. ತೇನಿಯಲ್ಲಿಯೂ ದಿಂಡಿಗಲ್ಲಿನಲ್ಲಿಯೂ ಇಂದು ಅರವಿಂದದ ಆಸ್ಪತ್ರೆಗಳಿವೆ. ಕಣ್ಣನ್ನು ಬೇಡಿ ವೀರಪಾಂಡಿಗೆ ಬರುವವರ ನಾಡಿನಲ್ಲಿ, ಕಣ್ಣು ಹೋಗದಂತೆ ಮಾಡುವ ಸೂಜಿಯು ಎಲ್ಲ ಮಕ್ಕಳಿಗೂ ತಲುಪಿದ್ದು ತಡವಾಗಿ. 2017ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕುವ ಅಭಿಯಾನ ಆರಂಭವಾದಾಗ, ಮೊದಲ ಹಂತಕ್ಕೆ ಆಯ್ದುಕೊಂಡ ಪ್ರದೇಶಗಳಲ್ಲಿ ಕರ್ನಾಟಕವೂ ತಮಿಳುನಾಡೂ ಎರಡೂ ಸೇರಿದ್ದವು. ಎರಡೂ ಕಡೆ ವಾಟ್ಸ್‌ಆಪಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗಳಿಗೆ ಹೆದರಿ ಶಾಲೆಗೆ ಮಕ್ಕಳನ್ನು ಕಳುಹಿಸದೆ ನಿಂತ ತಂದೆತಾಯಂದಿರಿದ್ದರು. ಆ ಸುಳ್ಳುಗಳನ್ನು ಹರಡಿದವರ ಮೇಲೆ ನನಗೆ ಇಂದಿಗೂ ಕ್ಷಮೆ ಹುಟ್ಟಿಲ್ಲ.

ನೆಗಡಿ, ಇನ್‌ಫ್ಲುಯೆಂಜಾ, ಕಲುಷಿತ ನೀರಿನಿಂದ ಬರುವ ಕಾಮಾಲೆ, ವೈರಾಣುಗಳಿಂದಲೇ ಬರುವ ಇವು ಎಲ್ಲ ಊರುಗಳ ಸಾಮಾನ್ಯ ಅತಿಥಿಗಳು. ಹುಚ್ಚುನಾಯಿಯ ಕಡಿತಕ್ಕೆ ಮಾತ್ರ ಒಂದು ಮಾತು ಸಲ್ಲಬೇಕು: 1907ರಿಂದ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿ ದೊರೆಯುತ್ತಿದ್ದ, ಹೊಟ್ಟೆಗೆ ಚುಚ್ಚಿಸಿಕೊಳ್ಳಬೇಕಾಗಿದ್ದ ಆ ನೋವಿನ ಮದ್ದಿನ ಕಾಲ ಕಳೆದು, ಈಗ ತೋಳಿಗೆ ಹಾಕುವ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯುತ್ತದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅದೇ ದಿನ ಅಲ್ಲಿಗೆ ಹೋಗತಕ್ಕದ್ದು. ಜಲಭೀತಿ ತೋರಿದ ಮೇಲೆ ಯಾವ ಮದ್ದೂ ಇಲ್ಲ.

ಕಣಿವೆಯನ್ನು ದಾಟಿ ಈಶಾನ್ಯಕ್ಕೆ ಬಂದರೆ ದಿಂಡಿಗಲ್ಲು. ಬೀಗಗಳಿಗೆ, ಸಿರುಮಲೆಯ ಬಾಳೆಗೆ, ಚರ್ಮ ಹದ ಮಾಡುವ ಉದ್ಯಮಕ್ಕೆ ಹೆಸರಾದ ಈ ಊರಿಗೆ ನೀರಿನ ಕೊರತೆ ಹಳೆಯದು. ಹದದ ಮಂಡಿಗಳ ಉಪ್ಪುನೀರು ಅಂತರ್ಜಲವನ್ನು ಅನೇಕ ಕಡೆ ಕೆಡಿಸಿತು. ಆತ್ತೂರಿನ ಕಾಮರಾಜರ್ ಜಲಾಶಯದಿಂದಲೂ ಕಾವೇರಿಯ ಯೋಜನೆಯಿಂದಲೂ ಬರುವ ಕುಡಿಯುವ ನೀರು ದಿನವೂ ಬರುವುದಿಲ್ಲ. ಬಂದಾಗ ಹಿಡಿದಿಡಬೇಕು. ಆದುದರಿಂದ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ, ಬಚ್ಚಲಲ್ಲಿ ನೀಲಿಯ ಡ್ರಮ್ಮು, ಜಗಲಿಯ ಉದ್ದಕ್ಕೂ ಪ್ಲಾಸ್ಟಿಕ್ ಕೊಡಗಳ ಸಾಲು, ನೆಲದಡಿಯಲ್ಲಿ ಸಂಪು. ಡೆಂಗೀ ಮಳೆಗಾಲದ ರೋಗವೆಂದು ಓದಿದವರಿಗೆ, ಇಂತಹ ಮಳೆನೆರಳಿನ ಒಣ ಊರುಗಳಲ್ಲಿ ಅದು ಬೇಸಿಗೆಯಲ್ಲಿಯೂ ಕಾಣಿಸಿಕೊಳ್ಳುವುದು ಆಶ್ಚರ್ಯವಾಗಬಹುದು. ಈಡಿಸ್ ಈಜಿಪ್ಟೈ ಸೊಳ್ಳೆಗೆ ಮಳೆ ಬೇಕಾಗಿಲ್ಲ, ಕೊಳಚೆಯೂ ಬೇಕಾಗಿಲ್ಲ. ಮನೆಯವರು ಜೋಪಾನ ಮಾಡಿಟ್ಟ ತಿಳಿನೀರೇ ಅದಕ್ಕೆ ತೌರುಮನೆ. ನೀರಿನ ಅಭಾವವೇ ಇಲ್ಲಿ ರೋಗದ ಕಾರಣವಾಗಿದೆ ಎಂಬುದನ್ನು ಮನೆಯವರಿಗೆ ಉಪದೇಶ ಮಾಡುವ ಅಧಿಕಾರಿಗಳು ಮೊದಲು ಗ್ರಹಿಸಬೇಕು.

ಅಂತಹ ತೊಟ್ಟಿಯೊಂದರ ಹಲಗೆಯನ್ನು ಸರಿಸಿ, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನೋಡಿದರೆ, ನೀರಿನ ಮೇಲ್ಮೈಯಿಂದ ತಲೆಕೆಳಗಾಗಿ ಜೋತುಬಿದ್ದ ಬೂದುಬಣ್ಣದ ಹುಳುಗಳು ಕಾಣುತ್ತವೆ. ಬಾಲದ ತುದಿಯ ಗಿಡ್ಡ ಕೊಳವೆಯನ್ನು ಗಾಳಿಗೆ ಒಡ್ಡಿ ಅವು ಉಸಿರಾಡುತ್ತಿರುತ್ತವೆ. ಟಾರ್ಚಿನ ಬೆಳಕು ಬಿದ್ದರೆ ಸಾಕು, ಮೈಯನ್ನು ಕೊಂಕಿಸುತ್ತ ತಳಕ್ಕೆ ಇಳಿದು ಕತ್ತಲ ಮೂಲೆಯನ್ನು ಸೇರುತ್ತವೆ. ನಿಮಿಷ ಕಳೆದ ಮೇಲೆ ಒಂದೊಂದಾಗಿ ಮೇಲಕ್ಕೆ ಬರುತ್ತವೆ. ವಾರ ಹತ್ತು ದಿನಗಳಲ್ಲಿ ಅವೇ ರೆಕ್ಕೆ ಮೂಡಿದ, ಕಾಲುಗಳಲ್ಲಿ ಬಿಳಿಯ ಪಟ್ಟೆಗಳುಳ್ಳ ಸೊಳ್ಳೆಗಳು. ಇದಕ್ಕಿಂತ ಮುಖ್ಯವಾದುದು ನೀರಿನೊಳಗೆ ಇರುವುದಿಲ್ಲ, ನೀರಿನ ಅಂಚಿನ ಮೇಲೆ ಇರುತ್ತದೆ. ತೇವವಾದ ಗೋಡೆಗೆ ಅಂಟಿಕೊಂಡ, ಎಳ್ಳಿಗಿಂತಲೂ ಎಷ್ಟೋ ಸಣ್ಣದಾದ ಕಪ್ಪು ಮೊಟ್ಟೆಗಳು ನೀರೆಲ್ಲ ಬತ್ತಿದರೂ ಸಾಯದೆ ತಿಂಗಳುಗಟ್ಟಲೆ ಒಣಗಿ ಕಾದಿದ್ದು, ಮತ್ತೆ ನೀರು ಮುಟ್ಟಿದೊಡನೆ ಒಡೆಯುತ್ತವೆ. ಆದುದರಿಂದ ನೀರನ್ನು ಚೆಲ್ಲಿದರೆ ಕೆಲಸ ಅರ್ಧವಷ್ಟೇ ಆದಂತೆ. ವಾರಕ್ಕೊಮ್ಮೆ ತೊಟ್ಟಿಯ ಒಳಗೋಡೆಯನ್ನು ತೆಂಗಿನ ನಾರಿನಿಂದಲೋ ಕುಂಚದಿಂದಲೋ ಗಸಗಸನೆ ತಿಕ್ಕಿ ತೊಳೆದು, ಒಣಗಿಸಿ, ಬಟ್ಟೆ ಬಿಗಿದು ಮುಚ್ಚಬೇಕು. ಚೆಲ್ಲಲಾಗದ ಸಂಪಿಗೆ ಟೆಮಿಫಾಸ್ ಔಷಧಿಯನ್ನು ಹಾಕಿಸಬಹುದು, ಹುಳುಗಳನ್ನು ತಿನ್ನುವ ಗಂಬೂಸಿಯಾ ಮೀನನ್ನು ಬಿಡಬಹುದು. ಹಿತ್ತಿಲಿನ ಒರಳುಕಲ್ಲು, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿಸುಟ ಎಳನೀರಿನ ಬುರುಡೆ, ಪಂಕ್ಚರ್ ಅಂಗಡಿಯ ಟೈರು ಇವುಗಳ ಕಡೆಗೂ ಕಣ್ಣು ಹೋಗತಕ್ಕದ್ದು.

ಹಳೆಯ ವ್ರತವು ಡೆಂಗೀಗೆ ಇನ್ನೂ ಹೆಚ್ಚಾಗಿ ಹೊಂದದು. ಇಲ್ಲಿ ರೋಗಿಯ ಉಸಿರಿನಿಂದಲೂ ಸ್ಪರ್ಶದಿಂದಲೂ ಭಯವಿಲ್ಲ. ಜ್ವರದ ಮೊದಲ ನಾಲ್ಕೈದು ದಿನ ಅವನ ರಕ್ತದಲ್ಲಿ ವೈರಾಣು ಸಂಚರಿಸುತ್ತಿರುವಾಗ ಅವನನ್ನು ಕಚ್ಚುವ ಸೊಳ್ಳೆಯಿಂದ ಭಯ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಲಗಿದವರನ್ನು ಹಗಲು ಹೊತ್ತಿನಲ್ಲಿಯೂ ಸೊಳ್ಳೆಪರದೆಯೊಳಗೆ ಇರಿಸುವುದೇ ಈ ಬೇನೆಗೆ ಒಪ್ಪುವ ಮಡಿ. ಪರೀಕ್ಷೆಯಲ್ಲಿಯೂ ಕಾಲದ ವಿವೇಚನೆ ಬೇಕು: ಜ್ವರ ಬಂದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಎಂಬ ವೈರಾಣುವಿನ ಅಂಶವನ್ನು ಹುಡುಕಬೇಕು, ಐದು ದಿನ ಕಳೆದರೆ ಮೈಯು ತಾನೇ ತಯಾರಿಸಿಕೊಂಡ ಐಜಿಎಂ ಪ್ರತಿಕಾಯವನ್ನು ಹುಡುಕಬೇಕು. ಎರಡನೆಯ ದಿನವೇ ಐಜಿಎಂ ಮಾಡಿಸಿ, ಏನೂ ಇಲ್ಲವೆಂದು ಕೈಚೆಲ್ಲಿ ಕುಳಿತವರಿದ್ದಾರೆ. ಪ್ಲೇಟ್‌ಲೆಟ್ಟಿನ ಲೆಕ್ಕವೊಂದನ್ನೇ ಹಿಡಿದು ಗಾಬರಿಗೊಂಡು ಪಪಾಯಿ ಎಲೆಯ ರಸವನ್ನು ಹುಡುಕುತ್ತ ಅಲೆಯುವವರೂ ಇದ್ದಾರೆ. ರಕ್ತನಾಳಗಳಿಂದ ದ್ರವ ಸೋರಿ ರಕ್ತ ಮಂದವಾಗುತ್ತಿದೆಯೇ ಎಂಬುದನ್ನು ವೈದ್ಯರು ಅದಕ್ಕಿಂತ ಆತಂಕದಿಂದ ಗಮನಿಸುತ್ತಾರೆ. ಈ ಅಪಾಯ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಗೊಳ್ಳುವ ಆ ಎರಡು ದಿನಗಳಲ್ಲಿಯೇ ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾಗುವ ಕೈಕಾಲು, ಮಂಪರು ತೋರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ತಮಿಳುನಾಡಿನಲ್ಲಿ 2012ರಲ್ಲಿ ಹನ್ನೆರಡು ಸಾವಿರಕ್ಕೂ, 2017ರಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಮಿಕ್ಕಿ ಡೆಂಗೀ ಪ್ರಕರಣಗಳು ದಾಖಲಾದವು. ಆ ವರ್ಷಗಳಲ್ಲಿ ಬೀದಿಬೀದಿಗಳಲ್ಲಿ ನೆಲಬೇವಿನ ಕಷಾಯವನ್ನು ಹಂಚಿದರು. ಕಷಾಯ ಕುಡಿದವರ ಶ್ರದ್ಧೆಯನ್ನು ನಾನು ಹಳಿಯೆನು, ಆದರೆ ಕಷಾಯ ಕುಡಿದ ಮನೆಯ ತೊಟ್ಟಿ ತೆರೆದಿದ್ದರೆ ಆ ಶ್ರದ್ಧೆ ವ್ಯರ್ಥ.

ಇದೇ ಸೊಳ್ಳೆಯ ಇನ್ನೊಂದು ಹೊರೆ ಚಿಕೂನ್‌ಗುನ್ಯಾ. 2006ರಲ್ಲಿ ದೇಶದಲ್ಲಿ ಅದು ಮತ್ತೆ ಹಬ್ಬಿದಾಗ ಲೆಕ್ಕಕ್ಕೆ ಸಿಕ್ಕ ಸುಮಾರು ಹದಿನಾಲ್ಕು ಲಕ್ಷ ಶಂಕಿತ ರೋಗಿಗಳಲ್ಲಿ ಅರ್ಧಕ್ಕೂ ಮಿಕ್ಕವರು ಕರ್ನಾಟಕದವರು. ತಮಿಳುನಾಡು, ಕೇರಳಗಳೂ ನರಳಿದವು. ಪ್ರಾಣ ತೆಗೆಯುವುದು ವಿರಳವಾದರೂ, ಕೀಲುಗಳಲ್ಲಿ ಕುಳಿತು ತಿಂಗಳುಗಟ್ಟಲೆ ಕೂಲಿ ಕೆಲಸದವರ ಅನ್ನವನ್ನು ತೆಗೆಯುವ ಬೇನೆ ಅದು. ಕಂಬಂ, ಬೋಡಿ, ಗೂಡಲೂರುಗಳಿಂದ ಬೆಳಗಿನ ಜಾವದಲ್ಲಿಯೇ ಜೀಪುಗಳಲ್ಲಿ ಒತ್ತಾಗಿ ಕುಳಿತು, ಕುಮಳಿಯ ಘಟ್ಟವನ್ನೋ ಬೋಡಿಮೆಟ್ಟನ್ನೋ ಹತ್ತಿ, ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿ ದಿನವಿಡೀ ಬಗ್ಗಿ ಕಾಯಿ ಬಿಡಿಸಿ ಸಂಜೆಗೆ ಮರಳುವ ಹೆಂಗಸರಿಗೆ, ಬೆರಳುಗಳು ಮಡಿಚದಂತಾದರೆ ಆ ದಿನದ ಕೂಲಿ ಇಲ್ಲ. ಮನೆಯಲ್ಲಿ ತೊಟ್ಟಿಯ ಸೊಳ್ಳೆ, ತೋಟದಲ್ಲಿ ಮರಪೊಟರೆ, ಬಿದ್ದ ಸಿಪ್ಪೆಗಳಲ್ಲಿ ನಿಂತ ಮಳೆನೀರಿನ ಈಡಿಸ್ ಆಲ್ಬೊಪಿಕ್ಟಸ್. ಎರಡು ರಾಜ್ಯಗಳ ಸೊಳ್ಳೆಗಳ ನಡುವೆ ವೈರಾಣುವನ್ನು ಒಯ್ಯುವವರು ಅರಿಯದೆಯೇ ಇವರಾಗುತ್ತಾರೆ. ಸೊಳ್ಳೆ ತಾನಾಗಿ ಹಾರುವುದು ಕೆಲವು ನೂರು ಗಜ ಮಾತ್ರ. ಕೇರಳದಲ್ಲಿ ನಿಪಾ ತೋರಿದಾಗಲೂ, 2020ರಲ್ಲಿ ಕೊರೊನಾ ಬಂದಾಗಲೂ ಈ ಘಟ್ಟದ ಠಾಣ್ಯಗಳಲ್ಲಿ ಜ್ವರದ ತಪಾಸಣೆ ನಡೆಯಿತು; ದಾರಿ ಮುಚ್ಚಿದಾಗ ಮೊದಲು ಒಲೆ ಆರಿದ್ದು ಜೀಪಿನಲ್ಲಿ ಹೋಗುತ್ತಿದ್ದವರ ಮನೆಗಳಲ್ಲಿ.

ತೇನಿ, ದಿಂಡಿಗಲ್ಲು ಎಂಬ ಈ ಎರಡು ಜಿಲ್ಲೆಗಳ ಬೀದಿಗಳಲ್ಲಿ ಮನೆಮನೆಯ ತೊಟ್ಟಿಯನ್ನು ನೋಡಿ, ಹುಳುವಿದ್ದರೆ ನೀರು ಚೆಲ್ಲಿಸಿ, ಔಷಧಿ ಹಾಕಿ ಬರುವ ಹೆಂಗಸರನ್ನು ಜನ ಡಿ.ಬಿ.ಸಿ.ಯವರು (ಡೊಮೆಸ್ಟಿಕ್ ಬ್ರೀಡಿಂಗ್ ಚೆಕರ್) ಎಂದು ಕರೆಯುತ್ತಾರೆ. ಹೊತ್ತು ಏರುವ ಮುನ್ನವೇ ಕೈಯಲ್ಲಿ ಟಾರ್ಚೂ ಔಷಧಿಯ ಸೀಸೆಯೂ ಹಿಡಿದು ಹೊರಡುವ ಇವರು ಬಹುತೇಕ ದಿನಗೂಲಿಯ ತಾತ್ಕಾಲಿಕ ನೌಕರರು. ನೀರು ಸಿಗದ ಊರಿನಲ್ಲಿ ಹಿಡಿದಿಟ್ಟ ನೀರನ್ನು ಚೆಲ್ಲೆನ್ನುವವರ ಮೇಲೆ ಮನೆಯವರಿಗೆ ಬರುವ ಕೋಪವನ್ನೆಲ್ಲ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಳ್ಳುವವರೂ ಇವರೇ. ಒಣಗಿದ ಮೊಟ್ಟೆ ಬೇಸಿಗೆಯುದ್ದಕ್ಕೂ ಗೋಡೆಯಲ್ಲಿ ಕಾದಿರುವಾಗ, ಜ್ವರದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಇವರ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಪ್ರಯೋಜನ ಸ್ವಲ್ಪ. ಜಾತ್ರೆಯ ಚಿತ್ತಿರೈಯಲ್ಲಿಯೇ ಇವರು ಬೀದಿಗಿಳಿಯುವಂತೆ, ವರ್ಷದ ಹನ್ನೆರಡು ತಿಂಗಳೂ ಇವರಿಗೆ ಕೆಲಸವನ್ನೂ ತಪ್ಪದ ಸಂಬಳವನ್ನೂ ನಗರಸಭೆ ಪಂಚಾಯತಿಗಳು ತಮ್ಮ ಆಯವ್ಯಯದಲ್ಲಿ ಬರೆದಿಡಬೇಕು. ನಲ್ಲಿಯಲ್ಲಿ ನೀರು ಬರುವ ದಿನವನ್ನು ವಾರಕ್ಕೆ ಒಂದಾದರೂ ಹೆಚ್ಚಿಸಿದರೆ, ತೊಟ್ಟಿಯನ್ನು ಬರಿದು ಮಾಡಿ ತಿಕ್ಕಲು ಮನೆಯ ಹೆಂಗಸರಿಗೂ ಧೈರ್ಯ ಬಂದೀತು.